ರಾಜೀನಾಮೆಗೆ ಸಹಿ ಹಾಕುವ ಮುಂಚೆ ದುಡ್ಡು ಕೊಟ್ಟು ಕೇಳಿದ ಸಲಹೆ: ಐದಕ್ಕೆ ಮೂರೂವರೆ

ಮೊದಲೇ ಹೇಳಿಬಿಡುತ್ತೇನೆ, ಈ ಸೇವೆಯಿಂದ ನನ್ನ ಕೆಲಸ ಉಳಿಯಲಿಲ್ಲ. ಆದರೂ ಮೂರೂವರೆ ಸ್ಟಾರ್ ಕೊಡುತ್ತಿದ್ದೇನೆ.

ಕೆಲಸದ ಜಾಗದಲ್ಲಿ ಅನ್ಯಾಯ ಆದವರಿಗೆ, ಕೆಲಸದಿಂದ ತೆಗೆದವರಿಗೆ ಆನ್‌ಲೈನಿನಲ್ಲೇ ವಕೀಲರ ಸಲಹೆ ಕೊಡಿಸುವ ಸೇವೆ ಇದು. ಹೆಸರು ಹಾಕುತ್ತಿಲ್ಲ, ಯಾಕಂದರೆ ಕೆಳಗೆ ಸ್ವಲ್ಪ ಬೈದಿದ್ದೇನೆ. ಫಾರ್ಮ್ ತುಂಬಬೇಕು, ಇರುವ ಕಾಗದಗಳನ್ನು ಅಪ್‌ಲೋಡ್ ಮಾಡಬೇಕು, ಆಮೇಲೆ ವಕೀಲರ ಜೊತೆ ಒಂದು ಗಂಟೆ ಫೋನಿನಲ್ಲಿ ಮಾತು, ಕೊನೆಗೆ ಬರಹದಲ್ಲಿ ಸಲಹೆ. ಇಷ್ಟೇ.

ನನಗೆ ಆಗಿದ್ದು ಇದು. ಮೂರು ವರ್ಷ ಅಪ್ರೈಸಲ್‌ನಲ್ಲಿ ಒಳ್ಳೆಯ ಮಾತುಗಳೇ. ಹೆಚ್ಚುವರಿ ಗಂಟೆಗಳ ಸಂಬಳ ಯಾಕೆ ಬಂದಿಲ್ಲ ಅಂತ ಒಂದು ಮೇಲ್ ಹಾಕಿದೆ ನೋಡಿ, ಎರಡೇ ತಿಂಗಳಲ್ಲಿ ನಾನು 'ತಂಡಕ್ಕೆ ಹೊಂದದ' ಮನುಷ್ಯ ಆಗಿಬಿಟ್ಟೆ. ಒಂದು ಮಧ್ಯಾಹ್ನ ಮೀಟಿಂಗ್ ರೂಮಿಗೆ ಕರೆದು, ಮೊದಲೇ ಟೈಪ್ ಮಾಡಿಟ್ಟಿದ್ದ ರಾಜೀನಾಮೆ ಪತ್ರ ಮುಂದಿಟ್ಟರು. 'ನೀವಾಗಿಯೇ ಬಿಟ್ಟರೆ ಒಳ್ಳೆಯ ರಿಲೀವಿಂಗ್ ಲೆಟರ್ ಕೊಡ್ತೀವಿ, ಇಲ್ಲಾಂದ್ರೆ ನಾವೇ ತೆಗೀಬೇಕಾಗುತ್ತೆ, ಮುಂದೆ ನಿಮಗೇ ಕಷ್ಟ' ಅಂದರು. ಎಲ್ಲ ನಗುನಗುತ್ತಲೇ, ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ. ಕನ್ನಡಕ ತಂದಿಲ್ಲ, ಓದಿ ನಾಳೆ ಹೇಳ್ತೀನಿ ಅಂತ ಕಾಗದವನ್ನು ಮನೆಗೆ ತಂದೆ. ಕನ್ನಡಕ ಜೇಬಿನಲ್ಲೇ ಇತ್ತು.

ಅವತ್ತೇ ರಾತ್ರಿ ಫಾರ್ಮ್ ತುಂಬಿದೆ. ಫೋನ್ ಬಂದಿದ್ದು ನಾಲ್ಕು ದಿನ ಬಿಟ್ಟು! ಅದೂ ವಕೀಲರಲ್ಲ, ಬರೆದುಕೊಟ್ಟಿದ್ದನ್ನು ಓದುವ ಒಬ್ಬ ಹುಡುಗ. 'ನಿಮ್ಮ ಸಮಸ್ಯೆ ಯಾವ ವರ್ಗಕ್ಕೆ ಸೇರುತ್ತೆ ಸರ್?' ಅದು ಗೊತ್ತಿದ್ದರೆ ನಿಮಗೆ ಯಾಕೆ ದುಡ್ಡು ಕಟ್ಟುತ್ತಿದ್ದೆ? ಆ ನಾಲ್ಕು ದಿನ ಆಫೀಸಿನಲ್ಲಿ ಇವತ್ತು ನಾಳೆ ಅಂತ ಹೇಗೆ ತಳ್ಳಿದೆನೋ ನನಗೇ ಗೊತ್ತು. ಇಂಥ ವಿಷಯದಲ್ಲಿ ನಾಲ್ಕು ದಿನ ಸಣ್ಣ ಮಾತಲ್ಲ. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು ಆಸ್ಟ್ರೇಲಿಯಾದಲ್ಲಿ ಇರುವುದು 21 ದಿನ, ಜರ್ಮನಿಯಲ್ಲಿ ಪತ್ರ ಕೈ ಸೇರಿದ ಮೇಲೆ ಮೂರು ವಾರ. ಕೆಲವು ಕಡೆ ಜಾಸ್ತಿ ಸಮಯ ಇರುತ್ತದೆ, ಆದರೆ ಗಡುವು ಅನ್ನುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೆ. ಸೇವೆಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಇರಬೇಕಾದ ಮಾತು ಇದು. ಇರಲಿಲ್ಲ.

ಆಮೇಲೆ ವಕೀಲೆ ಮೇಡಂ ಸಿಕ್ಕರು. ಕೊಟ್ಟ ದುಡ್ಡೆಲ್ಲ ವಸೂಲಾಗಿದ್ದು ಈ ಒಂದು ಗಂಟೆಯಲ್ಲೇ.

ಅವರು ಕೇಳಿದ ಮೊದಲ ಪ್ರಶ್ನೆ, 'ಸಹಿ ಹಾಕಿದೀರಾ?' ಇಲ್ಲ ಅಂದೆ. 'ಒಳ್ಳೇದಾಯ್ತು' ಅಂದರು. ಸಹಿ ಹಾಕಿದರೆ ಕಾಗದದ ಪ್ರಕಾರ ಕೆಲಸ ಬಿಟ್ಟವರು ನೀವು, ಆಮೇಲೆ ಅವರೇ ಬಲವಂತವಾಗಿ ಬರೆಸಿಕೊಂಡರು ಅಂತ ತೋರಿಸುವ ಕಷ್ಟವೂ ನಿಮ್ಮದೇ. ನಾನು ಬಾಸ್ ಎಂಥವರು, ಎಲ್ಲರ ಮುಂದೆ ಹೇಗೆ ಕಿರುಚುತ್ತಾರೆ ಅಂತೆಲ್ಲ ಶುರು ಮಾಡಿದೆ. ಎರಡು ನಿಮಿಷ ಕೇಳಿ ತಡೆದರು. 'ಬಾಸ್ ಕೆಟ್ಟವರು ಅನ್ನೋದು ಕೇಸ್ ಅಲ್ಲ, ತಾರೀಖು ಹೇಳಿ.' ಮೇಲ್ ಹಾಕಿದ್ದು ಯಾವತ್ತು, ಮೊದಲ ದೂರು ಬಂದಿದ್ದು ಯಾವತ್ತು, ಅದಕ್ಕೆ ಉತ್ತರ ಕೊಡಲು ನಿಮ್ಮನ್ನು ಬಿಟ್ಟರಾ, ಅದೇ ತಪ್ಪು ಮಾಡಿದ ಬೇರೆಯವರಿಗೆ ಏನು ಮಾಡಿದರು? ಉತ್ತರ ಕೊಡುತ್ತಾ ಹೋದ ಹಾಗೆ ನನಗೇ ಚಿತ್ರ ಕಾಣತೊಡಗಿತು. ಒಂದು ಸಲ 'ಕೆಲಸ ಸರಿ ಇಲ್ಲ' ಅಂದಿದ್ದರು, ಇನ್ನೊಂದು ಸಲ 'ಹುದ್ದೆಯೇ ಇಲ್ಲ' ಅಂದಿದ್ದರು, ಪತ್ರದಲ್ಲಿ ನೋಡಿದರೆ 'ವೈಯಕ್ತಿಕ ಕಾರಣ'. ಕಾರಣ ಹೀಗೆ ಬದಲಾಗುತ್ತಾ ಹೋಗುವುದೇ ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಅಂದರು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 158ನೇ ಒಪ್ಪಂದದ ವಿಷಯವೂ ಅವರಿಂದಲೇ ತಿಳಿದದ್ದು, 1982ರದ್ದು. ತೆಗೆಯಲು ಸರಿಯಾದ ಕಾರಣ ಇರಬೇಕು, ನಡತೆ ಅಥವಾ ಕೆಲಸ ಸರಿ ಇಲ್ಲ ಅನ್ನುವುದಾದರೆ ತೆಗೆಯುವ ಮುಂಚೆ ಉತ್ತರ ಕೊಡಲು ಅವಕಾಶ ಇರಬೇಕು, ಸಾಬೀತು ಮಾಡುವ ಹೊರೆ ಕೆಲಸಗಾರನೊಬ್ಬನ ತಲೆಗೇ ಬರಬಾರದು. ಗರ್ಭಿಣಿ ಅಂತಲೋ, ಯೂನಿಯನ್ ಸೇರಿದರು ಅಂತಲೋ, ಕಂಪನಿ ಕಾನೂನು ಮುರಿದಿದೆ ಅಂತ ದೂರು ಕೊಟ್ಟರು ಅಂತಲೋ ತೆಗೆಯುವಂತಿಲ್ಲ. ಓದಲು ಎಷ್ಟು ಚಂದ, ಅಲ್ವಾ? ಆದರೆ ಇದನ್ನು ಒಪ್ಪಿಕೊಂಡ ದೇಶಗಳು 40 ಕೂಡ ಇಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಕಾರಣವನ್ನೇ ಕೊಡದೆ ತೆಗೆಯಬಹುದು. ಹಾಗಾಗಿ ನಿಮ್ಮ ಕಡೆಯ ಕಾನೂನು ಮತ್ತು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್, ಈ ಎರಡನ್ನು ಬಿಟ್ಟು ಸುಮ್ನೆ ಮಾತಾಡಿ ಪ್ರಯೋಜನ ಇಲ್ಲ ಅಂತ ಅವರೇ ನೇರವಾಗಿ ಹೇಳಿದರು. ಈ ನೇರ ಮಾತು ನನಗೆ ಇಷ್ಟವಾಯಿತು.

ಫೋನಿನಲ್ಲೇ ಒಂದು ಮೇಲ್ ಬರೆಸಿದರು. 'ನಾನು ರಾಜೀನಾಮೆ ಕೊಡುತ್ತಿಲ್ಲ. ನನ್ನನ್ನು ತೆಗೆಯುವುದಾದರೆ ಕಾರಣವನ್ನು ಬರಹದಲ್ಲಿ ತಿಳಿಸಿ. ಎಂದಿನಂತೆ ಕೆಲಸ ಮಾಡಲು ಸಿದ್ಧನಿದ್ದೇನೆ.' ಮೂರೇ ಸಾಲು. ನಾನಾಗಿದ್ದರೆ ಮೂರು ಪುಟ ಬರೆದು ಕೆಡಿಸುತ್ತಿದ್ದೆ. ಇನ್ನೊಂದು ಎಚ್ಚರಿಕೆ ಕೊಟ್ಟರು: ಸ್ಯಾಲರಿ ಸ್ಲಿಪ್, ಅಪ್ರೈಸಲ್, ನಿಮಗೆ ಕೊಟ್ಟ ಪತ್ರಗಳನ್ನು ಜೋಪಾನ ಮಾಡಿ, ಆದರೆ ಸಾಕ್ಷಿ ಬೇಕು ಅಂತ ಕಂಪನಿಯ ಗುಟ್ಟಿನ ಫೈಲುಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ತೆಗೆಯಲು ನೀವೇ ಕಾರಣ ಕೊಟ್ಟ ಹಾಗೆ ಆಗುತ್ತದೆ. ನಿಜ ಹೇಳಬೇಕೆಂದರೆ ನಾನು ಅದನ್ನೇ ಮಾಡಲು ಹೊರಟಿದ್ದೆ.

ಮೇಲ್ ಹೋದ ಮೇಲೆ ಎಚ್‌ಆರ್ ಮಾತಿನ ಧಾಟಿಯೇ ಬದಲಾಯಿತು. ಎರಡು ವಾರ ಎಳೆದಾಡಿ, ಕೊನೆಗೆ ನೋಟಿಸ್ ಅವಧಿಯ ಸಂಬಳ, ಬಾಕಿ ಇದ್ದ ಹೆಚ್ಚುವರಿ ಗಂಟೆಗಳ ದುಡ್ಡು, ಕೆಟ್ಟ ಮಾತಿಲ್ಲದ ಒಂದು ಪತ್ರ, ಇಷ್ಟಕ್ಕೆ ಮುಗಿಯಿತು. ಹೋರಾಡಿದರೆ ಇನ್ನೂ ಸಿಗಬಹುದಿತ್ತೇನೋ. ವರ್ಷಗಟ್ಟಲೆ ಅಲೆಯುವ ಮನಸ್ಸು ನನಗಿರಲಿಲ್ಲ, ಮೇಡಂ ಕೂಡ ಒತ್ತಾಯ ಮಾಡಲಿಲ್ಲ.

ಬರಹದ ಸಲಹೆ ಮಾತ್ರ ದಂಡ. ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಹೊಯ್ದು ಕಳಿಸುತ್ತಾರೆ ಅನಿಸುತ್ತದೆ. ನನ್ನದರಲ್ಲಿ ಒಂದು ಕಡೆ ಬೇರೆ ಯಾರದೋ ಹುದ್ದೆಯ ಹೆಸರು ಹಾಗೇ ಉಳಿದಿತ್ತು. ಫೋನಿನಲ್ಲಿ ಹೇಳಿದ್ದನ್ನು ನೀವೇ ಬರೆದುಕೊಳ್ಳಿ.

ನಿಮ್ಮಲ್ಲಿ ಯೂನಿಯನ್ ಇದ್ದರೆ ಮೊದಲು ಅಲ್ಲಿ ಕೇಳಿ, ಈ ದುಡ್ಡು ಉಳಿಯಬಹುದು. ಸಹಿ ಹಾಕಿ ಆರು ತಿಂಗಳು ಕಳೆದಿದ್ದರೆ ಈ ಒಂದು ಗಂಟೆಯ ಫೋನ್ ಸಾಲುವುದಿಲ್ಲ, ಎದುರು ಕೂತು ಕಾಗದ ನೋಡುವ ವಕೀಲರೇ ಬೇಕು. ಪತ್ರ ಇನ್ನೂ ಮೇಜಿನ ಮೇಲೇ ಇದೆ ಅನ್ನುವವರು ಧಾರಾಳವಾಗಿ ತೆಗೆದುಕೊಳ್ಳಿ, ಆದರೆ ಫಾರ್ಮ್ ತುಂಬಿದ ಮರುದಿನವೇ ನೀವೇ ಫೋನ್ ಮಾಡಿ ಪೀಡಿಸಿ. ಕಳೆದ ಒಂದೂವರೆ ಸ್ಟಾರಿನಲ್ಲಿ ಒಂದು ಆ ನಾಲ್ಕು ದಿನಗಳದ್ದು, ಅರ್ಧ ಆ ಬೇರೆಯವರ ಹುದ್ದೆಯದ್ದು.