ಕನ್ನಡ ವಾಯ್ಸ್ ಟೈಪಿಂಗ್: ಅರ್ಜಿ ಬರೆಯುವ ಅಂಗಡಿಯಲ್ಲಿ ನಾಲ್ಕು ವರ್ಷ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕಚೇರಿ ಎದುರು ನನ್ನದು ಟೈಪಿಂಗ್, ಜೆರಾಕ್ಸ್ ಅಂಗಡಿ. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಪೋಡಿ (ಜಮೀನನ್ನು ಅಳೆದು ಭಾಗ ಮಾಡುವುದು), ಪಹಣಿ ತಿದ್ದುಪಡಿ ಅಂತ ದಿನಕ್ಕೆ ಹದಿನೈದು ಇಪ್ಪತ್ತು ಅರ್ಜಿ ಬರೆಯುತ್ತೇನೆ. 18 ವರ್ಷ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲೇ ಟೈಪ್ ಮಾಡಿದವನು. ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಮೊದಲಿಗರಾದ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಆ ಕೀಲಿಮಣೆ ನನ್ನ ಬೆರಳಿಗೆ ಅಂಟಿಹೋಗಿದೆ. ನಾಲ್ಕು ವರ್ಷದ ಹಿಂದೆ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಆಗ ಮೊಬೈಲ್ ಕೀಬೋರ್ಡಿನ ಮೈಕ್ ಒತ್ತಿದೆ. ಇವತ್ತಿಗೂ ಬಿಟ್ಟಿಲ್ಲ.

ಮೊದಲು ಮೆಚ್ಚಿದ್ದು ಮಹಾಪ್ರಾಣ. ನಾವು ಮಾತಾಡುವಾಗ 'ಬೂಮಿ' ಅಂತೀವಿ, 'ಪಲಾನುಬವಿ' ಅಂತೀವಿ. ಪರದೆ ಮೇಲೆ ಬರುವುದು ಸರಿಯಾಗಿ 'ಭೂಮಿ', 'ಫಲಾನುಭವಿ'. ಇದು ಹೇಗೆ ಅಂತ ಆಮೇಲೆ ತಿಳಿದುಕೊಂಡೆ. ಅದು ಬರೀ ಸದ್ದು ಕೇಳಿ ಬರೆಯುವುದಿಲ್ಲ. ಕೇಳಿಸಿದ ಸದ್ದಿಗೆ ಯಾವ ಪದ ಹೊಂದುತ್ತದೆ, ಹಿಂದಿನ ಪದದ ಜೊತೆ ಯಾವುದು ಬರುವುದು ಜಾಸ್ತಿ ಅಂತ, ತಾನು ಕಲಿತ ರಾಶಿ ರಾಶಿ ಕನ್ನಡ ಬರಹದ ಲೆಕ್ಕದಲ್ಲಿ ಆರಿಸುತ್ತದೆ. ಒತ್ತಕ್ಷರ, ದೀರ್ಘ ಎಲ್ಲ ತಾನೇ ಕೂರಿಸುತ್ತದೆ. ಅರ್ಜಿಯ 'ಮಾನ್ಯರೇ, ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ' ಅನ್ನುವ ಸಾಲಂತೂ ಒಂದು ಸಲವೂ ತಪ್ಪಿಲ್ಲ.

ತೊಂದರೆ ಬರುವುದೂ ಅದೇ ಲೆಕ್ಕದಿಂದ. ಅದು ಓದದ ಪದ ಅದಕ್ಕೆ ಕೇಳಿಸುವುದೇ ಇಲ್ಲ. 'ಕೆಂಪಮ್ಮ ಕೋಂ ಲೇಟ್ ಬೋರಯ್ಯ' ಅಂತ ಹೇಳಿದರೆ, ಹೆಂಡತಿ ಅನ್ನುವ ಅರ್ಥದ 'ಕೋಂ' ಹೋಗಿ 'ಕಾಮ್' ಆಗುತ್ತದೆ. ಮಗ ಅನ್ನುವ ಅರ್ಥದ 'ಬಿನ್' ಅನ್ನುವುದು 'ವಿನ್' ಆಗುತ್ತದೆ. ಜಮೀನಿನ ನಾಲ್ಕು ದಿಕ್ಕಿನ ಗಡಿ ಹೇಳುವ 'ಚಕ್ಕುಬಂದಿ' ಎರಡು ತುಂಡಾಗಿ 'ಚೆಕ್ ಬಂದಿ' ಆಗುತ್ತದೆ. ನಮ್ಮ ಅರ್ಜಿಗಳು ನಿಂತಿರುವುದೇ ಈ ಪದಗಳ ಮೇಲೆ ಅಲ್ವಾ? ಇವನ್ನು ನಾನು ಈಗ ಕೈಯಲ್ಲೇ ಟೈಪ್ ಮಾಡುತ್ತೇನೆ.

ಒಂದು ದಿನದ್ದು ಮಾತ್ರ ಮರೆಯಲಾಗಲ್ಲ. ವಯಸ್ಸಾದ ಒಬ್ಬ ಅಜ್ಜಿ, ಗಂಡ ತೀರಿಕೊಂಡ ಮೇಲೆ ಪೌತಿ ಖಾತೆಗೆ ಬಂದಿದ್ದರು. ನೀವೇ ಹೇಳಿ ಅಂತ ಮೊಬೈಲ್ ಮುಂದೆ ಹಿಡಿದೆ. 'ಒಂದೆಕ್ರೆ ಅನ್ನೆರಡು ಗುಂಟೆ ಒಲ' ಅಂದರು. ಹನ್ನೆರಡು ಗುಂಟೆ ಹೊಲ ಅಂತ; ನಮ್ಮ ಕಡೆ ಹಳ್ಳಿಯಲ್ಲಿ ಮಾತಾಡುವಾಗ ಹಕಾರ ಬಿದ್ದುಹೋಗುತ್ತದೆ. ಪರದೆಯಲ್ಲಿ 'ಒಂದು ಎಕರೆ 2 ಗುಂಟೆ ಒಳಗೆ' ಅಂತ ಬಂತು. ನಾನು ಸರಿಯಾಗಿ ನೋಡಿರಲಿಲ್ಲ. ಪ್ರಿಂಟ್ ತೆಗೆದ ಮೇಲೆ ಓದಿ ಹೇಳಿದೆ. ಅಜ್ಜಿ ಹೆಬ್ಬೆಟ್ಟು ಹಾಕಲು ಇಂಕು ಒತ್ತಿದವರು ಕೈ ಹಿಂದಕ್ಕೆ ತೆಗೆದರು. 'ಅತ್ ಗುಂಟೆ ಎಲ್ಲಿಗೋಯ್ತಪ್ಪಾ?' ಅಂದರು. ಹತ್ತು ಗುಂಟೆ ಅಂದರೆ ಕಾಲು ಎಕರೆ. ನನಗೆ ಮೈ ಜುಮ್ಮೆಂದಿತು. ಅವತ್ತಿನಿಂದ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ಯಾವುದನ್ನೂ ಮೈಕಿಗೆ ಹೇಳುವುದಿಲ್ಲ. ಪಹಣಿ ಎದುರಿಗಿಟ್ಟುಕೊಂಡು ಕೈಯಲ್ಲೇ ಹಾಕುತ್ತೇನೆ. ಇಡೀ ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳದೆ ಯಾರ ಸಹಿಯನ್ನೂ ತೆಗೆದುಕೊಳ್ಳುವುದಿಲ್ಲ.

ಸಣ್ಣಪುಟ್ಟದ್ದು ಇನ್ನೂ ಇವೆ. ಚುಕ್ಕಿ, ಕಾಮಾ ನಾವೇ ಹಾಕಬೇಕು. ನೆಟ್ ನಿಧಾನ ಇದ್ದರೆ ಸಾಲಿನ ಬಾಲ ಕಳೆದುಹೋಗುತ್ತದೆ. ಮೊಬೈಲಿನಲ್ಲಿ ಬರುವ ಅಕ್ಷರ ಯೂನಿಕೋಡ್ ಅನ್ನುವ ಬೇರೆ ಸಂಕೇತದಲ್ಲಿರುತ್ತದೆ. ಹಳೇ ನುಡಿ ಫಾಂಟಿನ ಫೈಲಿಗೆ ಅಂಟಿಸಬೇಕಾದರೆ ಕನ್ವರ್ಟ್ ಮಾಡಿಕೊಳ್ಳಬೇಕು. ಮಾತು ಎಲ್ಲೋ ದೂರದ ಸರ್ವರ್‌ಗೆ ಹೋಗಿ ಬರುವುದರಿಂದ ಆಧಾರ್ ನಂಬರನ್ನು ನಾನು ಯಾವತ್ತೂ ಬಾಯಲ್ಲಿ ಹೇಳುವುದಿಲ್ಲ.

ಇಷ್ಟಾದರೂ ನನ್ನ ಟೈಪಿಂಗ್ ಶ್ರಮ ಅರ್ಧಕ್ಕೆ ಇಳಿದಿದೆ, ಕೈನೋವು ಹಿಡಿತಕ್ಕೆ ಬಂದಿದೆ. ಪುಸ್ತಕದ ಕನ್ನಡ ಮಾತಾಡುವವರ ಮಟ್ಟಿಗೆ ವಾಯ್ಸ್ ಟೈಪಿಂಗ್‌ಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ನಮ್ಮ ಹಳ್ಳಿಯವರ ಮಟ್ಟಿಗೆ ಎರಡೂವರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 'ವಾಣಿ' ಅನ್ನುವ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗೂ ಹೋಗಿ ಜನರ ಮಾತು ರೆಕಾರ್ಡ್ ಮಾಡಿಸುತ್ತಿದ್ದಾರೆ. ಯಂತ್ರಕ್ಕೆ ಬೇಕಾಗಿರುವುದು ಅದೇ. ನಿಮ್ಮೂರಿಗೆ ಅಂಥವರು ಬಂದರೆ ಮೊದಲು ಅಜ್ಜಿಯರನ್ನು ಮಾತಾಡಿಸಿ. ಅವರು ಹೇಗೆ ಆಡುತ್ತಾರೋ ಹಾಗೇ ಆಡಲಿ, ತಿದ್ದಬೇಡಿ.