ಕೆರೆ ದಂಡೆ, ಡ್ಯಾಮ್ ಹಿನ್ನೀರು ಸುತ್ತೋಕೆ 8×42 ದುರ್ಬೀನು ಸಾಕಾ?

ಮೊದಲೇ ಹೇಳ್ಬಿಡ್ತೀನಿ, ಸಾಕು. ದೊಡ್ಡ ಡ್ಯಾಮ್‌ಗಳ ಹಿನ್ನೀರಲ್ಲಿ ಕಣ್ಣಳತೆ ಮೀರಿ ಕೂತಿರೋ ಬಾತುಗಳ ಜಾತಿ ಗುರುತು ಹಿಡಿದೇ ತೀರಬೇಕು ಅನ್ನೋ ಹಟದವರಿಗೆ ಮಾತ್ರ ಸಾಲಲ್ಲ, ಅವರ ವಿಷಯಕ್ಕೆ ಆಮೇಲೆ ಬರ್ತೀನಿ. ನಂಗೆ ವಾಕಿಂಗ್ ಅಂದ್ರೆ ನೀರಿರೋ ಕಡೆನೇ ಆಗ್ಬೇಕು, ಕೊರಳಲ್ಲಿ ಮಧ್ಯಮ ದರ್ಜೆಯ ಒಂದು 8×42 ಇರತ್ತೆ, ರೂಫ್ ಪ್ರಿಸಂದು (ಪ್ರಿಸಂ ಅಂದ್ರೆ ಒಳಗೆ ಬೆಳಕನ್ನ ತಿರುಗಿಸೋ ಗಾಜಿನ ತುಂಡು, ರೂಫ್ ಅಂದ್ರೆ ಕೊಳವೆ ನೆಟ್ಟಗಿರೋ ಥರದ್ದು), ಹತ್ರಹತ್ರ 700 ಗ್ರಾಂ ತೂಕ. ಬ್ರ್ಯಾಂಡ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಇದೇ ಲೆಕ್ಕದ್ದನ್ನ ಎಷ್ಟೋ ಕಂಪನಿಗಳು ಮಾಡ್ತವೆ, ಇಲ್ಲಿ ಹೇಳೋ ಒಳ್ಳೇದು ಕೆಟ್ಟದ್ದರಲ್ಲಿ ಹೆಚ್ಚಿನದು ಈ ಸೈಜಿಗೇ ಸೇರಿದ್ದು.

ಆ ನಂಬರ್ ಏನು ಅಂತ ಗೊತ್ತಿಲ್ದೋರಿಗೆ: 8 ಅಂದ್ರೆ ಎಂಟು ಪಟ್ಟು ಹತ್ರ, 42 ಅಂದ್ರೆ ಮುಂದಿನ ಗಾಜಿನ ಅಗಲ ಮಿಲಿಮೀಟರಲ್ಲಿ. ನಾನೂರು ಮೀಟರ್ ಆಚೆ ಇರೋ ಹಕ್ಕಿ ಐವತ್ತು ಮೀಟರಲ್ಲಿ ಕೂತಂಗೆ ಕಾಣ್ಸತ್ತೆ. ಇನ್ನು 42ನ್ನ 8ರಿಂದ ಭಾಗ್ಸಿದ್ರೆ 5.25 ಬರತ್ತಲ್ಲ, ಅದು ನಿಮ್ಮ ಕಣ್ಣಿಗೆ ಬರೋ ಬೆಳಕಿನ ಬಿಲ್ಲೆಯ ಅಗಲ. ಹಗಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಷ್ಟೇ ತೆರೆದಿರೋದು, ಆದ್ರೆ ಬೆಳಗಿನ ಜಾವದ ಮಬ್ಬಲ್ಲಿ ಅದು ದೊಡ್ಡದಾಗತ್ತೆ, ಕೆರೆ ಹತ್ರ ಜೀವ ಓಡಾಡೋದೂ ಅದೇ ಹೊತ್ತಲ್ಲಿ, ಆಗ ಈ 5.25 ಎಷ್ಟು ದೊಡ್ಡ ವಿಷಯ ಅನ್ನೋದು ಗೊತ್ತಾಗೋದು. ಜೇಬಲ್ಲಿ ಹಿಡಿಸೋ 8×25ರಲ್ಲಿ ಇದು ಬರೀ ಮೂರು ಚಿಲ್ಲರೆ, ಮಧ್ಯಾಹ್ನ ಚೆನ್ನಾಗೇ ಇರತ್ತೆ, ಮಬ್ಬಲ್ಲಿ ಎಲ್ಲ ಬೂದಿ ಬಣ್ಣ.

ಆನ್‌ಲೈನಲ್ಲಿ "30 ಪಟ್ಟು ಝೂಮ್" ಅಂತ ದೊಡ್ಡ ಅಕ್ಷರದಲ್ಲಿ ಬರೆದು ಮಾರ್ತಾರಲ್ಲ ಅದನ್ನ ದಯವಿಟ್ಟು ಮುಟ್ಬೇಡಿ. 30 ಪಟ್ಟು ಹತ್ರ ತರೋದು ಕೈ ನಡುಕವನ್ನೂ 30 ಪಟ್ಟು ಮಾಡತ್ತೆ, 50 ಮಿ.ಮೀ. ಗಾಜಿದ್ರೂ ಬೆಳಕಿನ ಬಿಲ್ಲೆ 1.7ಕ್ಕೆ ಇಳಿಯತ್ತೆ, ನೋಡೋ ಅಗಲ ಕಿಟಕಿ ಸಂದಿಯಷ್ಟಾಗತ್ತೆ, ಸ್ಟ್ಯಾಂಡ್ ಇಲ್ದೆ ಅದ್ರಲ್ಲಿ ಹಕ್ಕಿ ಹುಡುಕೋಷ್ಟರಲ್ಲಿ ಹಕ್ಕಿ ಊಟ ಮುಗಿಸಿ ಹೋಗಿರತ್ತೆ. 10×42 ಬೇಕು ಅನ್ನೋರ ಜೊತೆ ಜಗಳ ಇಲ್ಲ, ಅದೂ ಒಳ್ಳೇದೇ, ಕೈ ಗಟ್ಟಿ ಇರೋರಿಗೆ. ಆದ್ರೆ ನಡೆದು ಏದುಸಿರು ಬಿಡ್ತಾ ನಿಂತು ತಕ್ಷಣ ಕಣ್ಣಿಗೆ ಹಿಡಿಯೋ ಕೆಲಸಕ್ಕೆ ನಂಗೆ ಎಂಟೇ ಇಷ್ಟ.

ನೀರಲ್ಲಿ ನೋಡೋಕೆ ಇನ್ನೊಂದು ಕಾರಣಕ್ಕೂ 8 ಮೇಲು, ಅದು ಅಗಲ. ನನ್ನದ್ರಲ್ಲಿ 7.4 ಡಿಗ್ರಿ ಅಂತ ಬರ್ದಿದೆ, ಅಂದ್ರೆ 1000 ಮೀಟರ್ ದೂರದಲ್ಲಿ ಸುಮಾರು 129 ಮೀಟರ್ ಅಗಲದ ನೀರು ಒಂದೇ ಸಲಕ್ಕೆ ಕಾಣ್ಸತ್ತೆ. ಗುಳುಮುಳುಕ ಬುಳುಕ್ ಅಂತ ಮುಳುಗಿ ಎಲ್ಲೋ ಇನ್ನೊಂದು ಕಡೆ ಏಳೋ ಆಸಾಮಿ, ಅಗಲ ಕಮ್ಮಿ ಇದ್ರೆ ಅದು ಎದ್ದಿದ್ದೇ ಗೊತ್ತಾಗಲ್ಲ. ಇದ್ರಲ್ಲಿ ಎರಡರಲ್ಲಿ ಒಂದು ಸಲ ಆದ್ರೂ ಸಿಗತ್ತೆ. ನೀರುಕಾಗೆ ರೆಕ್ಕೆ ಅಗಲಿಸಿ ಒಣಗಿಸ್ಕೊಳ್ತಾ ಕೂತಿದ್ರೆ ಅದರ ಹಸಿರು ಕಣ್ಣು, ನಾಮದ ಕೋಳಿ ದಂಡೆಗೆ ಹತ್ತಿದ್ರೆ ಅದರ ವಿಚಿತ್ರ ಕಾಲ್ಬೆರಳು, ಬೆರಳಿನ ಅಕ್ಕಪಕ್ಕ ಚಪ್ಪಟೆ ಹಾಳೆ ಅಂಟಿಸಿದ ಹಾಗೆ ಇರತ್ತೆ, ಎಲ್ಲ ಸ್ಪಷ್ಟ. ನಂಗೆ ಇದ್ರಲ್ಲಿ ನೋಡಿದ್ದರಲ್ಲೆಲ್ಲ ತುಂಬ ಖುಷಿ ಕೊಟ್ಟಿದ್ದು ಆಸ್ಪ್ರೇ, ಮೀನು ಹಿಡಿಯೋ ಗಿಡುಗ, ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡದಲ್ಲೂ ಇರೋದು. ಅದು ನೀರಿಗೆ ಬಿದ್ದು ಮೀನು ಎತ್ಕೊಂಡು ಹಾರ್ತಾ ಇರುವಾಗ್ಲೇ ಮೀನಿನ ತಲೆ ಮುಂದಕ್ಕೆ ಬರೋ ಹಾಗೆ ಹಿಡಿತ ಸರಿ ಮಾಡ್ಕೊಳ್ಳತ್ತೆ, ಗಾಳಿ ತಡೆ ಕಮ್ಮಿ ಆಗ್ಲಿ ಅಂತ. ಹಾರೋದ್ರ ಜೊತೆ ದುರ್ಬೀನು ತಿರುಗಿಸ್ತಾ ಹೋಗೋಕೆ ಈ ಅಗಲ ಇಲ್ದಿದ್ರೆ ಅದನ್ನ ನೋಡೋಕೆ ಆಗ್ತಾನೇ ಇರ್ಲಿಲ್ಲ.

ಕನ್ನಡಕ ಹಾಕೋರು ಒಂದು ವಿಷಯ ಗಮನಿಸಿ, ಐ ರಿಲೀಫ್ ಅಂತ ಬರ್ದಿರತ್ತೆ, ಕಣ್ಣು ಗಾಜಿಂದ ಎಷ್ಟು ದೂರದವರೆಗೆ ಇದ್ರೆ ಪೂರ್ತಿ ಚಿತ್ರ ಕಾಣ್ಸತ್ತೆ ಅನ್ನೋ ಲೆಕ್ಕ. 15 ಮಿ.ಮೀ.ಗಿಂತ ಕಮ್ಮಿ ಇದ್ರೆ ಸುತ್ತ ಕಪ್ಪು ಅಂಚು ಗ್ಯಾರಂಟಿ. ನಂದು 17, ಕಣ್ಣಿನ ಕಡೆ ಇರೋ ರಬ್ಬರ್ ಕಪ್ ತಿರುಗಿಸಿ ಒಳಗೆ ಹಾಕಿದ್ರೆ ಕನ್ನಡಕದ ಮೇಲೇ ಇಟ್ಟು ನೋಡ್ಬಹುದು.

ಮತ್ತೆ ಡಯಾಪ್ಟರ್, ಅಂದ್ರೆ ನಿಮ್ಮ ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿ ಮಾಡೋ ರಿಂಗ್. ದುರ್ಬೀನು ಇರೋ ಅರ್ಧಕ್ಕರ್ಧ ಜನ ಇದನ್ನ ಮುಟ್ಟೇ ಇರಲ್ಲ, ಆಮೇಲೆ "ಯಾಕೋ ತಲೆ ನೋಯತ್ತೆ ಇದ್ರಲ್ಲಿ ನೋಡಿದ್ರೆ" ಅಂತಾರೆ. ಬಲಗಡೆ ಗಾಜು ಕೈಯಿಂದ ಮುಚ್ಚಿ, ಎಡಗಣ್ಣಲ್ಲಿ ದೂರದ ಒಂದು ಬೋರ್ಡೋ ಕೊಂಬೆನೋ ನಡುವಿನ ಚಕ್ರದಿಂದ ಸ್ಪಷ್ಟ ಮಾಡ್ಕೊಳ್ಳಿ. ಆಮೇಲೆ ಎಡ ಮುಚ್ಚಿ, ಚಕ್ರ ಮುಟ್ದೆ, ಬಲಗಣ್ಣಿನ ಬಳಿ ಇರೋ ರಿಂಗ್ ತಿರುಗಿಸಿ ಅದನ್ನೇ ಸ್ಪಷ್ಟ ಮಾಡಿ. ಒಂದ್ಸಲ ಮಾಡಿದ್ರೆ ಮುಗೀತು, ಆಮೇಲೆ ಚಕ್ರ ಒಂದೇ ಸಾಕು.

ಈಗ ಕೆಟ್ಟದ್ದು. ಸೂರ್ಯ ಕೆಳಗಿದ್ದು ಎದುರಿಗೆ ನೀರು ಹೊಳೀತಿದ್ರೆ ನನ್ನ ದುರ್ಬೀನು ಸೋತುಹೋಗತ್ತೆ, ಇಡೀ ಚಿತ್ರದ ಮೇಲೆ ಹಾಲು ಚೆಲ್ಲಿದಂಗೆ ಬಿಳಿ ಪರದೆ, ಹಕ್ಕಿ ಎಲ್ಲ ಬರೀ ಕಪ್ಪು ಆಕಾರ. ದುಬಾರಿ ಗಾಜಲ್ಲಿ ಇದು ಕಮ್ಮಿ ಅನ್ನೋದು ನಿಜ, ಬೇರೆಯವರದ್ದು ಇಸ್ಕೊಂಡು ನೋಡಿದೀನಿ. ಉಪಾಯ ಏನಂದ್ರೆ ದಂಡೆ ಆರಿಸ್ಕೊಳ್ಳೋದು, ಬೆಳಗ್ಗೆ ಪೂರ್ವ ದಂಡೆಯಲ್ಲಿ ನಡೀರಿ, ಸಂಜೆ ಪಶ್ಚಿಮ ದಂಡೆಯಲ್ಲಿ, ಸೂರ್ಯ ಬೆನ್ನಿಗಿರ್ಬೇಕು ಅಷ್ಟೇ. (ಸೂರ್ಯನ್ನ ದುರ್ಬೀನಲ್ಲಿ ನೇರ ನೋಡ್ಬಾರ್ದು ಅಂತ ದೊಡ್ಡೋರಿಗೆ ಹೇಳ್ಬೇಕಿಲ್ಲ, ಮಕ್ಕಳ ಕೈಗೆ ಕೊಡೋ ಮುಂಚೆ ಹೇಳಿ, ಕಣ್ಣೇ ಹೋಗತ್ತೆ.) ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯೋ ಹಾಗೆ ಅಲುಗಾಡತ್ತೆ, ಅದಕ್ಕೆ ಮಾತ್ರ ಎಷ್ಟೇ ದುಡ್ಡು ಸುರಿದ್ರೂ ಯಾವ ಗಾಜೂ ಮದ್ದಲ್ಲ, ಪವರ್ ಜಾಸ್ತಿ ಆದಷ್ಟೂ ಅಲುಗಾಟ ಇನ್ನೂ ಜಾಸ್ತಿ ಕಾಣ್ಸೋದು. ಆ ಹೊತ್ತಲ್ಲಿ ನಾನು ದೂರ ನೋಡೋದು ಬಿಟ್ಟು ಹತ್ರ ನೋಡ್ತೀನಿ. ಇದು ಎರಡು ಮೀಟರ್ ಹತ್ರದ್ದೂ ಫೋಕಸ್ ಆಗತ್ತೆ, ಜೊಂಡಿನ ಮೇಲೆ ಕೂತ ಡ್ರಾಗನ್‌ಫ್ಲೈಗಳ ರೆಕ್ಕೆ ನರ ಎಲ್ಲ ಎಣಿಸ್ಬಹುದು. ದುರ್ಬೀನನ್ನ ಉಲ್ಟಾ ಹಿಡಿದು ಕಣ್ಣಿನ ಕಡೆ ಗಾಜನ್ನ ಎಲೆಗೆ ತೀರಾ ಹತ್ರ ತಂದ್ರೆ ಭೂತಗನ್ನಡಿ ಥರ ಕೆಲಸ ಮಾಡತ್ತೆ, ಮಕ್ಕಳಿಗೆ ತೋರ್ಸಿ, ದುರ್ಬೀನು ವಾಪಸ್ ಸಿಗೋದು ಕಷ್ಟ ಆಗತ್ತೆ ಅಷ್ಟೇ.

ಇನ್ನು ಆ ಹಟದವರ ವಿಷಯ. ನೈಸರ್ಗಿಕ ಕೆರೆಗೂ ಡ್ಯಾಮ್ ಕಟ್ಟಿ ನಿಲ್ಸಿದ ನೀರಿಗೂ ದುರ್ಬೀನಿನ ಲೆಕ್ಕದಲ್ಲಿ ತುಂಬ ವ್ಯತ್ಯಾಸ ಇದೆ. ಸಣ್ಣ ಕೆರೆಯಲ್ಲಿ ಜೊಂಡು, ತಾವರೆ, ಆಳ ಇಲ್ಲದ ಅಂಚು, ಹಕ್ಕಿ ದಂಡೆಗೇ ಬರತ್ತೆ, 8 ಪಟ್ಟು ಧಾರಾಳ. ಜಲಾಶಯದಲ್ಲಿ ನೀರಿನ ಮಟ್ಟ ಏರೋದು ಇಳಿಯೋದು ಜಾಸ್ತಿ, ಹಾಗಾಗಿ ಅಂಚಲ್ಲಿ ಗಿಡ ಸರಿಯಾಗಿ ಬೇರೂರಲ್ಲ. ಅಣೆಕಟ್ಟೆ ಹತ್ರ ಅಂತೂ ನೀರು ಆಳ, ದಂಡೆ ಕಡಿದು, ಜನ ಫೋಟೋ ತೆಗೆಸ್ಕೊಳ್ಳೋದೂ ಅಲ್ಲೇ, ಹಕ್ಕಿ ಕಮ್ಮಿ ಇರೋದೂ ಅಲ್ಲೇ. ಬಾತುಗಳ ಹಿಂಡು ಒಂದೂವರೆ ಕಿಲೋಮೀಟರ್ ದೂರ ನಡು ನೀರಲ್ಲಿ ಚುಕ್ಕೆ ಚುಕ್ಕೆ, 8×42 ಅಲ್ಲಿ ಏನೂ ಮಾಡಲ್ಲ, 10 ಇದ್ರೂ ಏನೂ ಮಾಡಲ್ಲ, ಅದಕ್ಕೆ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಲ್ಲಿ ನೋಡೋ, ಪವರ್ ಜಾಸ್ತಿ ಇರೋ ದೂರದರ್ಶಕ) ಮತ್ತೆ ಟ್ರೈಪಾಡೇ ಬೇಕು, ಹೊತ್ಕೊಂಡು ನಡೆಯೋ ತಾಕತ್ತೂ ಬೇಕು. ನನ್ನ ದಾರಿ ಬೇರೆ, ನಾನು ಹೊಳೆ ಬಂದು ಜಲಾಶಯಕ್ಕೆ ಸೇರೋ ಮೇಲ್ಗಡೆ ತುದಿಗೆ ಹೋಗ್ತೀನಿ. ಅಲ್ಲಿ ನೀರು ತೆಳು, ಮಟ್ಟ ಇಳಿದಾಗ ಕೆಸರು ಬಯಲು ಬೀಳತ್ತೆ, ಕೆಸರಲ್ಲಿ ಹುಳ, ಹುಳಕ್ಕೆ ಉದ್ದ ಕೊಕ್ಕಿನ ಹಕ್ಕಿಗಳು ಬರ್ತವೆ, ಎಲ್ಲ ಹತ್ರದಲ್ಲೇ. ಆದ್ರೆ ಒಣಗಿದ ಹಾಗೆ ಕಾಣೋ ಆ ಕೆಸರಿನ ಮೇಲೆ ಕಾಲಿಡ್ಬೇಡಿ, ಮೇಲೆ ಬಿರುಕು ಬಿಟ್ಟಿದ್ರೂ ಕೆಳಗೆ ಮೊಣಕಾಲುದ್ದ ಹೂತುಹೋಗತ್ತೆ. ಅಣೆಕಟ್ಟೆ ಕೆಳಗಿನ ಹೊಳೆ ಪಾತ್ರದಲ್ಲೂ ಇಳೀಬೇಡಿ, ನೀರು ಬಿಟ್ರೆ ಓಡೋಕೆ ಟೈಮ್ ಸಿಗಲ್ಲ.

ಹತ್ರ ಅಂದೆ ಅಂತ ತೀರಾ ಹತ್ರನೂ ಬೇಡ. ಮೇಯ್ತಾ ಇದ್ದ ಹಿಂಡೆಲ್ಲ ಒಟ್ಟಿಗೆ ಕತ್ತೆತ್ತಿ ನಿಮ್ಮ ಕಡೆ ನೋಡಿದ್ರೆ ಮೆಲ್ಲಗೆ ಹಿಂದೆ ಬನ್ನಿ, ಇನ್ನೊಂದು ಹೆಜ್ಜೆ ಇಟ್ರೆ ಹಾರತ್ತೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ನಮ್ಮಿಂದ ಸುಮ್ಮನೆ ಒಂದು ಸುತ್ತು ಜಾಸ್ತಿ ಯಾಕೆ? ದುರ್ಬೀನು ಇರೋದೇ ಅದಕ್ಕಲ್ವಾ.

ಚಿಲ್ಲರೆ ದೂರುಗಳು: ಜೊತೆಗೆ ಬರೋ ಪಟ್ಟಿ ದಂಡ, 700 ಗ್ರಾಂ ಒಂದೇ ಕತ್ತಿನ ನರದ ಮೇಲೆ ಜೋತುಬೀಳತ್ತೆ, ಎರಡೂ ಭುಜಕ್ಕೆ ಹಾಕೋ ಹಾರ್ನೆಸ್ ತಗೊಂಡ್ಮೇಲೆ ಅರ್ಧ ದಿನ ನಡೆದ್ರೂ ನೆನಪೇ ಇರಲ್ಲ. ಮುಂದಿನ ಗಾಜಿನ ಮುಚ್ಚಳ ಮೊದಲ ವಾರವೇ ಎಲ್ಲೋ ಬಿದ್ದುಹೋಯ್ತು. ಒಳಗೆ ನೈಟ್ರೋಜನ್ ತುಂಬಿರೋದ್ರಿಂದ ಚಳಿ ಮಂಜಲ್ಲೂ ಒಳಗಾಜು ಮಬ್ಬಾಗಲ್ಲ, ಮಳೆಗೂ ಅಂಜಬೇಕಿಲ್ಲ, ಆದ್ರೆ ವಾಟರ್‌ಪ್ರೂಫ್ ಅಂದ್ರೆ ತೇಲತ್ತೆ ಅಂತಲ್ಲ, ದೋಣೀಲಿ ಹೋಗೋರು ತೇಲೋ ಪಟ್ಟಿ ಹಾಕ್ಕೊಳ್ಳಿ. ದಂಡೆಯ ಮರಳು ಗಾಜಿನ ಮೇಲೆ ಕೂತಿರುವಾಗ ಅಂಗಿ ತುದಿಯಿಂದ ಉಜ್ಜಿದ್ರೆ ಮೇಲಿನ ಲೇಪ ಗೀರುಬೀಳತ್ತೆ, ಮೊದಲು ಊದಿ, ಬ್ರಶ್ ಆಡ್ಸಿ, ಆಮೇಲೆ ಬಟ್ಟೆ. ಮೊಬೈಲ್ ಇಟ್ಟು ಫೋಟೋ ತೆಗೆಯೋದು ಆಗತ್ತೆ, ಗುರುತಿಗೆ ಮಾತ್ರ, ಫ್ರೇಮ್ ಹಾಕ್ಸೋಕಲ್ಲ.

5ಕ್ಕೆ 4 ಕೊಡ್ತೀನಿ, ಕಳೆದ ಒಂದು ಆ ಬಿಳಿ ಪರದೆಗೆ. ತಗೊಳ್ಳೋರು ಆದಷ್ಟು ಅಂಗಡಿಗೆ ಹೋಗಿ ಕೈಗೆ ತಗೊಂಡೇ ನೋಡಿ. ಕಣ್ಣಿಂದ ಒಂದು ಮೊಳ ದೂರ ಹಿಡಿದು ಬೆಳಕಿನ ಕಡೆ ತಿರುಗ್ಸಿದ್ರೆ ಕಣ್ಣಿನ ಗಾಜಲ್ಲಿ ಒಂದು ಬೆಳ್ಳನೆ ಬಿಲ್ಲೆ ಕಾಣ್ಸತ್ತೆ, ಅದು ಪೂರ್ತಿ ದುಂಡಗಿರ್ಬೇಕು, ಅಂಚು ಕತ್ತರಿಸಿದ ಹಾಗಿದ್ರೆ ಪ್ರಿಸಂ ಅಗ್ಗದ್ದು. ಚಕ್ರ ಒಂದು ಬೆರಳಲ್ಲಿ ನುಣ್ಣಗೆ ತಿರುಗ್ಬೇಕು. ಐದು ನಿಮಿಷ ಬಿಡದೆ ನೋಡಿ, ಕಣ್ಣು ಎಳೆದಂಗೆ ಆದ್ರೆ ಎರಡು ಕೊಳವೆ ಒಂದೇ ಕಡೆ ನೋಡ್ತಿಲ್ಲ ಅಂತ ಅರ್ಥ, ಅಂಗಡಿಯವರು "ಆಮೇಲೆ ಅಭ್ಯಾಸ ಆಗತ್ತೆ ಸರ್" ಅಂದ್ರೂ ಅದನ್ನ ಅಲ್ಲೇ ಇಟ್ಟು ಇನ್ನೊಂದು ತೆಗೆಸಿ.