ಹಳೇ ಸಫಾರಿಗೆ ಹೊಸ ಹಿಂದಿನ ಸ್ಪ್ರಿಂಗ್: ಮೂರು ಮಳೆಗಾಲ ಕಳೆದ ಮೇಲೆ

ನನ್ನದು 2009ರ ಟಾಟಾ ಸಫಾರಿ. 2.2 ಲೀಟರ್ ಡೈಕಾರ್ ಡೀಸೆಲ್ ಎಂಜಿನ್, ಟೂ ವೀಲ್ ಡ್ರೈವ್, ಎಬಿಎಸ್ ಇಲ್ಲದ ಗಾಡಿ. ಮನೆ ಉಡುಪಿಯಲ್ಲಿ, ಅಡಿಕೆ ತೋಟ ಹೆಬ್ರಿಯಿಂದ ಒಳಗೆ. ವಾರಕ್ಕೆ ಎರಡು ಸಲವಾದರೂ ಹೋಗಿಬರಬೇಕು. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣಿನ ರಸ್ತೆ. ಮಳೆಗೆ ಮಣ್ಣು ಕೊಚ್ಚಿಹೋಗಿ ನಡುವೆ ಮುರಕಲ್ಲು ಎದ್ದು ನಿಲ್ಲುತ್ತದೆ. ಈಗಿರುವ ಸ್ಪ್ರಿಂಗ್ ಹಾಕಿಸಿದ್ದು 2022ರ ಫೆಬ್ರವರಿಯಲ್ಲಿ. ಅಲ್ಲಿಂದ 38,000 ಕಿ.ಮೀ. ಓಡಿದೆ. ಈ ಜೋಡಿ ಸಿಗುವ ಮೊದಲು ಎರಡು ಸಲ ದುಡ್ಡು ನೀರಿಗೆ ಹಾಕಿದ್ದೇನೆ. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಪ್ರಯೋಜನ.

ಹಿಂಭಾಗ ಕೂತಿದೆ ಅಂತ ನನಗೆ ಗೊತ್ತಾದದ್ದು ರಾತ್ರಿ. ನಾಲ್ಕು ಗೋಣಿ ಅಡಿಕೆ ಹಾಕಿಕೊಂಡು ಬರುತ್ತಿದ್ದೆ. ಎದುರು ಬಂದವರೆಲ್ಲ ಲೈಟ್ ಹೊಡೆದು ಬೈದು ಹೋಗುತ್ತಿದ್ದರು. ನಾನು ಲೋ ಬೀಮಿನಲ್ಲೇ ಇದ್ದೆ. ಆದರೆ ಬೆಳಕು ರಸ್ತೆಗೆ ಬೀಳದೆ ತೆಂಗಿನ ಮರದ ತಲೆಗೆ ಬೀಳುತ್ತಿತ್ತು. ತೋಟದ ದಾರಿಯಲ್ಲಿ ಹಿಂದಿನ ಕೊಕ್ಕೆ ಕಲ್ಲಿಗೆ ತಾಗಿ ಗರ್ರ್ ಅನ್ನುವುದು ಅದಕ್ಕೂ ಮೊದಲೇ ಶುರುವಾಗಿತ್ತು. ರಸ್ತೆ ಹಾಳಾಗಿದೆ ಅಂದುಕೊಂಡಿದ್ದೆ.

ಮೊದಲ ತಪ್ಪು ಬಫರ್. ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಬಳೆ. 2,400 ರೂಪಾಯಿ. ಹಾಕಿದ ದಿನ ಗಾಡಿ ಹದಿನೈದು ಮಿಲಿಮೀಟರ್ ಎದ್ದಿತು, ನನಗೂ ಖುಷಿಯಾಯಿತು. ಒಳಗೆ ಆಗಿದ್ದು ಬೇರೆ. ಬಫರ್ ಸಿಕ್ಕಿಸಿದ ಸುತ್ತು ಕೆಲಸ ಮಾಡುವುದಿಲ್ಲ, ಚಕ್ರ ಏರಿಳಿಯುವಾಗ ಅದರ ಪಾಲಿನ ಕುಗ್ಗುವಿಕೆಯನ್ನೂ ಉಳಿದ ಸುತ್ತುಗಳೇ ಮಾಡಬೇಕಾಗುತ್ತದೆ. ಒಂದೇ ಮಳೆಗಾಲದಲ್ಲಿ ಬಲಗಡೆಯ ಬಫರ್ ಸೀಳಿತು. ತೆಗೆದು ನೋಡಿದರೆ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದೆ, ಸ್ಪ್ರಿಂಗಿನ ಬಣ್ಣ ಉಂಗುರದ ಹಾಗೆ ಉಜ್ಜಿಹೋಗಿದೆ. ಉಪ್ಪು ಗಾಳಿಯ ಊರಲ್ಲಿ ಬಣ್ಣ ಹೋದ ಕಬ್ಬಿಣ ಎಷ್ಟು ದಿನ ಬಾಳುತ್ತೆ, ನಿಮಗೇ ಗೊತ್ತಲ್ಲ.

ಎರಡನೆಯದು ದೊಡ್ಡ ತಪ್ಪು. ಆನ್‌ಲೈನಲ್ಲಿ ಒಬ್ಬರು 'ಎರಡು ಇಂಚು ಲಿಫ್ಟ್, ಹೆವಿ ಡ್ಯೂಟಿ' ಅಂತ 8,000ಕ್ಕೆ ಒಂದು ಜೋಡಿ ಮಾರುತ್ತಿದ್ದರು. ತರಿಸಿದೆ. ಮೆಕ್ಯಾನಿಕ್ ಕೈಯಲ್ಲಿ ಹಿಡಿದು ನೋಡಿದವರೇ, "ಇದು ಬೇಡ ಮಾರಾಯ್ರೆ, ನಾಲ್ಕು ತಿಂಗಳಲ್ಲಿ ನೀವೇ ಬಂದು ತೆಗೆಸ್ತೀರಿ" ಅಂದರು. ತೆಗೆಸಿದ್ದು ಮೂರನೇ ತಿಂಗಳಿಗೆ. ಖಾಲಿ ಗಾಡಿಯಲ್ಲಿ ಹಂಪ್ ದಾಟಿದರೆ ಹಿಂದಿನ ಸೀಟಿನವರು ಒಂದು ಗೇಣು ಹಾರುತ್ತಿದ್ದರು. ಹಂಪ್ ಇಳಿಯುವಾಗ ಹಿಂದಿನಿಂದ ಟಕ್ ಅಂತ ಒಂದು ಸದ್ದು. ಗಾಡಿ ಎದ್ದದ್ದರಿಂದ ಶಾಕ್ ಅಬ್ಸಾರ್ಬರ್ ಮುಕ್ಕಾಲು ಪಾಲು ಮೊದಲೇ ಚಾಚಿಕೊಂಡಿತ್ತು, ಚಕ್ರ ಸ್ವಲ್ಪ ಕೆಳಗಿಳಿದರೂ ಅದು ತನ್ನ ತುದಿಗೆ ಹೋಗಿ ಬಡಿಯುತ್ತಿತ್ತು. ಅಮ್ಮ ಒಂದೇ ದಿನ ಹತ್ತಿದ್ದು. "ಇದಕ್ಕೆ ಹತ್ಲಿಕ್ಕೆ ಏಣಿ ಉಂಟಾ?" ಅಂತ ಕೇಳಿದರು. ವಾಪಸ್ ಬಸ್ಸಿಗೆ ಬಂದರು.

ಹಾಗೆ ಯಾಕಾಯಿತು ಅಂತ ಆಮೇಲೆ ವರ್ನಿಯರ್ ಹಿಡಿದು ನೋಡಿದೆ. ಹಳೆಯ ಸ್ಪ್ರಿಂಗಿನ ಸರಳು ಬಣ್ಣ ಕೆರೆದ ಮೇಲೆ 14 ಮಿ.ಮೀ. ಇತ್ತು. ಹೊಸತು 15.5. ಒಂದೂವರೆ ಮಿಲಿಮೀಟರ್ ಯಾವ ಲೆಕ್ಕ ಅಂತ ಅನಿಸಬಹುದು. ಆದರೆ ಸ್ಪ್ರಿಂಗಿನ ಗಡಸುತನ, ಅಂದರೆ ಅದನ್ನು ಒಂದು ಮಿಲಿಮೀಟರ್ ಒತ್ತಲು ಬೇಕಾಗುವ ಭಾರ, ಸರಳಿನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಸುತ್ತಿನ ಅಗಲ, ಸುತ್ತಿನ ಸಂಖ್ಯೆ ಹಾಗೇ ಇದ್ದರೆ 14ರಿಂದ 15.5ಕ್ಕೆ ಹೋದಾಗ ಗಡಸು ಸರಿಯಾಗಿ ಒಂದೂವರೆ ಪಟ್ಟು. ಬರೀ ಅರ್ಧ ಮಿಲಿಮೀಟರ್ ಜಾಸ್ತಿ ಮಾಡಿದರೂ ಶೇ. 15 ಏರುತ್ತದೆ. ನಾನು ಕೊಂಡದ್ದು ಎತ್ತರ ಅಂದುಕೊಂಡು, ಬಂದದ್ದು ಗಡಸು. ಎರಡೂ ಒಂದೇ ಅಲ್ಲ. ಅದೇ ದಪ್ಪದ ಸರಳಿನಲ್ಲಿ ಸ್ಪ್ರಿಂಗನ್ನು ಉದ್ದ ಮಾಡಿಯೂ ಗಾಡಿ ಎತ್ತಬಹುದು.

ಆ ಜೋಡಿ ಈಗ ನನ್ನ ಭಾವನ ಸಫಾರಿಯಲ್ಲಿದೆ. ಅವರದು ಅಡುಗೆ ಕಂಟ್ರಾಕ್ಟು. ಹಿಂದೆ ಯಾವತ್ತೂ ಹಂಡೆ, ಕಡಾಯಿ, ಒಲೆ, ಗ್ಯಾಸ್ ಸಿಲಿಂಡರ್. ಖಾಲಿ ಓಡುವ ದಿನವೇ ಇಲ್ಲ. ಅವರಿಗೆ ಅದು ಹೇಳಿ ಮಾಡಿಸಿದ ಹಾಗೆ ಕೂತಿದೆ. ಸ್ಪ್ರಿಂಗ್ ಕೆಟ್ಟದಾಗಿರಲಿಲ್ಲ, ನನ್ನ ಗಾಡಿಯದ್ದಾಗಿರಲಿಲ್ಲ, ಅಷ್ಟೇ.

ಹಾಗಾಗಿ ಮೂರನೇ ಸಲ ಅಂಗಡಿಗೆ ಹೋಗುವ ಮೊದಲು ಎರಡು ಅಳತೆ ತೆಗೆದೆ. ಒಂದು ಎತ್ತರ. ನೆಲದಿಂದ ಅಳೆದರೆ ಟಯರಿನ ಗಾಳಿ ಹೆಚ್ಚುಕಮ್ಮಿಯಾಗಿ ಲೆಕ್ಕ ತಪ್ಪುತ್ತದೆ. ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಅಳೆಯಬೇಕು. ಕುಂದಾಪುರದಲ್ಲಿ ನೆಂಟರ ಮನೆಯಲ್ಲಿ ಇದೇ ಮಾಡೆಲ್ ಒಂದುಂಟು, ಹೆಚ್ಚಾಗಿ ಶೆಡ್ಡಿನಲ್ಲೇ ನಿಂತದ್ದು. ಅದಕ್ಕೆ ಹೋಲಿಸಿದರೆ ನನ್ನದು, ಹಳೇ ಸ್ಪ್ರಿಂಗಿನಲ್ಲಿ, ಎಡಕ್ಕೆ 24, ಬಲಕ್ಕೆ 33 ಮಿ.ಮೀ. ಕೆಳಗೆ. ಅಂದರೆ ನಾನು ಲಿಫ್ಟ್ ಅಂತ ಹುಡುಕುತ್ತಿದ್ದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಪನಿಯೇ ಕೊಟ್ಟ ಎತ್ತರ, ನಾನು ಕಳೆದುಕೊಂಡದ್ದು.

ಇನ್ನೊಂದು ಭಾರ. ಕಾರ್ಕಳದ ಕಡೆ ಲಾರಿ ತೂಗುವ ಒಂದು ವೇ ಬ್ರಿಡ್ಜ್‌ಗೆ ಹೋದೆ. ಅಲ್ಲಿನ ಹುಡುಗನಿಗೆ ನಗು. "ಎಂತ ಸರ್, ಅರ್ಧ ಗಾಡಿ ತೂಗುದಾ?" ಅಂದ. ಹೌದು, ಹಿಂದಿನ ಎರಡು ಚಕ್ರ ಮಾತ್ರ ತಟ್ಟೆಯ ಮೇಲೆ, ಮುಂದಿನದು ಹೊರಗೆ. ಖಾಲಿ ಇದ್ದಾಗ 950 ಕೆ.ಜಿ. ಇನ್ನೊಂದು ದಿನ ಕ್ಯಾಂಪ್ಕೋಗೆ ಅಡಿಕೆ ಸಾಗಿಸುವಾಗ, ಮನೆಯವರೂ ಜೊತೆಗಿದ್ದಾಗ, 1,410. ವ್ಯತ್ಯಾಸ 460. ಆದರೆ ಹಾಗೆ ತುಂಬಿ ಓಡುವುದು ವರ್ಷಕ್ಕೆ ಹತ್ತೋ ಹನ್ನೆರಡೋ ಸಲ. ಉಳಿದ ದಿನ ನಾನೊಬ್ಬ, ಒಂದು ಕತ್ತಿ, ಒಂದು ಬುಟ್ಟಿ. ಮದ್ದು ಬಿಡುವ ತಿಂಗಳಲ್ಲಿ ಸುಣ್ಣದ ಚೀಲ, ಮೈಲುತುತ್ತು, ಪಂಪು. ಸ್ಪ್ರಿಂಗ್ ಆರಿಸುವಾಗ ನೋಡಬೇಕಾದದ್ದು ಈ ದಿನನಿತ್ಯದ ಭಾರವನ್ನು. ಎಷ್ಟು ಇಂಚು ಬೇಕು ಅಂತ ಕೇಳುವ ಅಂಗಡಿಯವರು ಬೇಕಾದಷ್ಟು ಮಂದಿ ಸಿಕ್ಕಿದರು. ದಿನಾ ಏನು ಹೊರುತ್ತೀರಿ ಅಂತ ಕೇಳಿದ್ದು ಒಬ್ಬರೇ. ಅವರ ಹತ್ತಿರವೇ ಮಾಡಿಸಿದೆ.

ಅವರು ನನ್ನ ಹಳೇ ಸ್ಪ್ರಿಂಗನ್ನು ಒತ್ತುವ ಯಂತ್ರಕ್ಕೆ ಹಾಕಿ ತೋರಿಸಿದರು. ಒಂದು ಮಿಲಿಮೀಟರ್ ಇಳಿಯಲು 4 ಕೆ.ಜಿ. ಬೇಕಾಯಿತು. ನಾನು ಅಂದುಕೊಂಡಿದ್ದೆ, ಹಳೇ ಸ್ಪ್ರಿಂಗ್ ಮೆತ್ತಗಾಗಿದೆ ಅಂತ. ಹಾಗಲ್ಲ. ದಣಿದ ಸ್ಪ್ರಿಂಗ್ ಉದ್ದ ಕಳೆದುಕೊಳ್ಳುತ್ತದೆ, ಗಡಸುತನ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹಾಗಾದರೆ ಗಡಸು ಯಾಕೆ ಏರಿಸಬೇಕು? ತುಂಬಿದ ದಿನದ ಆ 460ರಲ್ಲಿ ಒಂದೊಂದು ಬದಿಗೆ ಬರುವ 230 ಕೆ.ಜಿ.ಗೆ 4ರ ಸ್ಪ್ರಿಂಗ್ 57 ಮಿ.ಮೀ. ಇಳಿಯುತ್ತದೆ. 4.6ರದ್ದಾದರೆ 50. ಆ ಏಳು ಮಿಲಿಮೀಟರಿಗಾಗಿ ಸರಳು 14.5 ಮಾಡಿದೆವು. ಉಳಿದ ಎತ್ತರ ಸ್ಪ್ರಿಂಗಿನ ಉದ್ದದಿಂದ. ಗುರಿ ಕಂಪನಿ ಎತ್ತರಕ್ಕಿಂತ 25 ಮಿ.ಮೀ. ಮೇಲೆ, ಅದಕ್ಕಿಂತ ಜಾಸ್ತಿ ಬೇಡ. ಅದಕ್ಕೂ ಮೇಲೆ ಹೋದರೆ ಉದ್ದದ ಶಾಕ್, ಉದ್ದದ ಬ್ರೇಕ್ ಹೋಸು, ಒಂದರ ಹಿಂದೆ ಒಂದು. ಗಾಡಿಯ ಮೂಲ ರೂಪ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. 15 ವರ್ಷ ತುಂಬಿ ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ನಿಲ್ಲಿಸಬೇಕಾದ ಗಾಡಿಯಲ್ಲಿ ಆ ತಲೆನೋವು ನನಗೆ ಬೇಡವಾಗಿತ್ತು.

ಮುಂದಿನ ಚಕ್ರಗಳ ಬಗ್ಗೆ ಒಂದು ಮಾತು. ಈ ಸಫಾರಿಗೆ ಮುಂದೆ ಕಾಯಿಲ್ ಸ್ಪ್ರಿಂಗೇ ಇಲ್ಲ, ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. 2012ರಲ್ಲಿ ಬಂದ ಸಫಾರಿ ಸ್ಟಾರ್ಮ್‌ಗಾದರೆ ಮುಂದೆಯೂ ಕಾಯಿಲ್. 'ಸಫಾರಿಗೆ ನಾಲ್ಕೂ ಸ್ಪ್ರಿಂಗ್ ಸೆಟ್' ಅಂತ ಯಾರಾದರೂ ಕೊಟ್ಟರೆ ಯಾವ ಸಫಾರಿಗೆ ಅಂತ ಕೇಳಿ. ನಮ್ಮದರಲ್ಲಿ ಬಾರಿನ ತುದಿಯ ಬೋಲ್ಟ್ ತಿರುಗಿಸಿ ಎತ್ತರ ಸರಿ ಮಾಡುವುದು. ನಾನು 20 ಮಿ.ಮೀ. ಎತ್ತಿಸಿದೆ, ಕೂಡಲೇ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಬೋಲ್ಟ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅನ್ನುವವರಿದ್ದಾರೆ. ಗಟ್ಟಿಯಾಗುವುದಿಲ್ಲ, ಗಾಡಿ ಏಳುತ್ತದೆ ಅಷ್ಟೇ, ಚಕ್ರಕ್ಕೆ ಕೆಳಗಿಳಿಯಲು ಜಾಗ ಕಮ್ಮಿಯಾಗುತ್ತದೆ. ಸಿಕ್ಕಾಪಟ್ಟೆ ಎತ್ತಿದರೆ ಬಾಲ್ ಜಾಯಿಂಟ್ ಬೇಗ ಹೋಗುತ್ತದೆ.

ಹಿಂದೆ ಹಾಕುವ ಕೆಲಸ ಒಂದು ಮಧ್ಯಾಹ್ನದ್ದು. ಹೊಸ ರಬ್ಬರ್ ಸೀಟು, ಕಂಪನಿ ಉದ್ದದ್ದೇ ಹೊಸ ಶಾಕ್ಸ್. ಇಲ್ಲಿ ಹೆಚ್ಚಿನವರು ಮರೆಯುವುದು ಒಂದುಂಟು. ಹಿಂದಿನ ಆಕ್ಸಲ್ ಮತ್ತು ಚಾಸಿ ನಡುವೆ ಸಣ್ಣ ಕಡ್ಡಿಯೊಂದು ಇರುತ್ತದೆ, ಅದರ ತುದಿಯಲ್ಲಿ ಒಂದು ವಾಲ್ವ್. ಗಾಡಿ ತಗ್ಗಿದ್ದರೆ ಭಾರ ಇದೆ ಅಂತ ತಿಳಿದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಎದ್ದಿದ್ದರೆ ಖಾಲಿ ಅಂತ ತಿಳಿದು ಕಮ್ಮಿ ಮಾಡುತ್ತದೆ. ನಾವು ಸ್ಪ್ರಿಂಗಿನಿಂದ ಎತ್ತಿದರೂ ಅದಕ್ಕೆ ಖಾಲಿ ಅಂತಲೇ ಲೆಕ್ಕ. ಅಡಿಕೆ ತುಂಬಿಕೊಂಡು ಆಗುಂಬೆ ಇಳಿಯುವಾಗ ಮುಂದಿನ ಬ್ರೇಕ್ ಒಂದೇ ದುಡಿಯಬಾರದಲ್ವಾ? ಆ ಕಡ್ಡಿಯನ್ನು ಹೊಂದಿಸಿಯೇ ಗಾಡಿ ಹೊರಗೆ ತೆಗೆಯಿರಿ. ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡಿನಿಂದ ಆಕ್ಸಲ್ ಆರು ಮಿ.ಮೀ. ಪಕ್ಕಕ್ಕೆ ಸರಿದದ್ದೂ ಅಳತೆಯಲ್ಲಿ ಕಂಡಿತು. ಅದನ್ನು ಹಾಗೇ ಬಿಟ್ಟೆ, ಓಡಿಸುವಾಗ ಗೊತ್ತಾಗುವುದಿಲ್ಲ.

ಹಾಕಿದ ದಿನ ಕಂಪನಿ ಎತ್ತರಕ್ಕಿಂತ ಎಡ 27, ಬಲ 26 ಮಿ.ಮೀ. ಮೇಲೆ. ಮೊದಲ ಮೂರು ತಿಂಗಳಲ್ಲಿ ಆರು ಇಳಿಯಿತು. ಅದರ ನಂತರ ಮೂರು ವರ್ಷಕ್ಕೆ ಬರೀ ಮೂರು. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುವುದು ಇದ್ದದ್ದೇ.

ಓಡಿಸುವಾಗ ಹೇಗಿದೆ? ಖಾಲಿ ಇದ್ದಾಗ ಹಳೇದಕ್ಕಿಂತ ಒಂದು ಚೂರು ಬಿಗಿ, ಅಮ್ಮ ದೂರುವಷ್ಟಲ್ಲ. ತುಂಬಿದಾಗ ನಿಜವಾಗಿ ಚೆನ್ನಾಗಿದೆ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಮೊದಲು ಹಿಂಭಾಗ ದೋಣಿಯ ಹಾಗೆ ತೂಗುತ್ತಿತ್ತು, ಈಗ ವಾಲುತ್ತದೆ, ತೂಗುವುದಿಲ್ಲ. ಇದರಲ್ಲಿ ಅರ್ಧ ಪುಣ್ಯ ಹೊಸ ಶಾಕ್ಸ್‌ಗೆ ಸೇರಬೇಕು, ಎಲ್ಲ ಸ್ಪ್ರಿಂಗಿಗೇ ಕೊಟ್ಟರೆ ತಪ್ಪಾಗುತ್ತದೆ. ಹೈವೇ 66ರಲ್ಲಿ, ಮರವಂತೆಯ ಹತ್ತಿರ, ಗಾಳಿಗೆ ಗಾಡಿ ಸ್ವಲ್ಪ ಹೆಚ್ಚು ಅಲುಗುತ್ತದೆ. ಮೈಲೇಜಿನಲ್ಲಿ ವ್ಯತ್ಯಾಸ ಕಂಡಿಲ್ಲ. ಹೆಡ್‌ಲೈಟ್ ಮತ್ತೆ ಹೊಂದಿಸಬೇಕಾಯಿತು, ಈಗ ಯಾರೂ ಬೈಯುವುದಿಲ್ಲ.

ತೋಟದ ದಾರಿಯಲ್ಲಿ ಕೊಕ್ಕೆ ತಾಗುವುದು ನಿಂತಿದೆ. ಆದರೆ ಹಿಂದಿನ ಆಕ್ಸಲಿನ ನಡುವಿನ ಡಿಫರೆನ್ಶಿಯಲ್ ಗುಂಡು ಈಗಲೂ ಆಗಾಗ ಕಲ್ಲಿಗೆ ಉಜ್ಜುತ್ತದೆ. ಉಜ್ಜಲೇಬೇಕು. ಆಕ್ಸಲ್ ಕೂತಿರುವುದು ಚಕ್ರದ ಮೇಲೆ, ಸ್ಪ್ರಿಂಗ್ ಎತ್ತುವುದು ಆಕ್ಸಲಿನ ಮೇಲಿರುವ ಬಾಡಿಯನ್ನು. ಎಷ್ಟೇ ಇಂಚಿನ ಸ್ಪ್ರಿಂಗ್ ಹಾಕಿದರೂ ಆ ಗುಂಡು ಒಂದು ಕೂದಲಿನಷ್ಟೂ ಮೇಲೇಳುವುದಿಲ್ಲ. ಅದಕ್ಕೆ ಟಯರೇ ದೊಡ್ಡದಾಗಬೇಕು. ನನ್ನ 235/70 ಆರ್ 16ರ ಬದಲು 245/75 ಹಾಕಿದರೆ 19 ಮಿ.ಮೀ. ಸಿಗುತ್ತದೆ, ಜೊತೆಗೆ ಸ್ಪೀಡೋಮೀಟರ್ ಕಮ್ಮಿ ತೋರಿಸುತ್ತದೆ, ಎಳೆತ ಸೋಲುತ್ತದೆ. ನಾನು ಹಾಕಿಲ್ಲ. ಒಂದು ಭಾನುವಾರ ಹಾರೆ ತಗೊಂಡು ಹೋಗಿ ಎರಡು ಕಲ್ಲು ಎಬ್ಬಿಸಿದೆ, ಪುಕ್ಕಟೆ ಲಿಫ್ಟ್.

ದೂರು ಎರಡು. ಮಳೆ ಬಿಟ್ಟು ಬಿಸಿಲು ಬಿದ್ದ ವಾರ ರಬ್ಬರ್ ಸೀಟು ಕಿರ್ ಕಿರ್ ಅನ್ನುತ್ತದೆ, ತೊಳೆದರೆ ನಾಲ್ಕು ದಿನ ಸುಮ್ಮನಿರುತ್ತದೆ. ಇನ್ನೊಂದು ಬಣ್ಣ. ಪೌಡರ್ ಕೋಟಿಂಗ್ ಅಂತ ಕೊಟ್ಟದ್ದು ಕೆಳಗಿನ ಸುತ್ತಿನಲ್ಲಿ ಎರಡನೇ ವರ್ಷಕ್ಕೇ ಸಿಪ್ಪೆ ಎದ್ದಿತು. ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಅಲ್ಲೇ, ಸೀಟಿನ ಬಟ್ಟಲಲ್ಲಿ ಮಣ್ಣು ನೀರು ನಿಲ್ಲುವ ಜಾಗದಲ್ಲಿ. ಮಲ್ಪೆ ಕಡೆ ಹೋಗಿಬಂದ ದಿನ ಪೈಪ್ ಹಿಡಿದು ಆ ಬಟ್ಟಲಿಗೆ ನೀರು ಬಿಡುವುದು ಈಗ ಅಭ್ಯಾಸವಾಗಿದೆ.

ಖರ್ಚು: ಸ್ಪ್ರಿಂಗ್ ಜೋಡಿ 11,500, ರಬ್ಬರ್ 900, ಶಾಕ್ಸ್ 4,800, ಮಜೂರಿ 1,800, ಅಲೈನ್‌ಮೆಂಟ್ 600. ಒಟ್ಟು 19,600. ಮೊದಲು ಕಳೆದ 10,400ರಲ್ಲಿ ಭಾವ ಐದು ಸಾವಿರ ಕೊಟ್ಟರು, ಅದೂ ಎರಡು ಕಂತಿನಲ್ಲಿ. 2024ರಲ್ಲಿ ಎಫ್‌ಸಿ ಆಯಿತು, ಸ್ಪ್ರಿಂಗಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಹೋದದ್ದು ಬಣ್ಣಕ್ಕೆ. ಈ ಮಳೆ ಹಿಡಿಯುವ ಮೊದಲು ಎರಡನ್ನೂ ಬಿಚ್ಚಿಸಿ, ಕೆಳಗಿನ ಸುತ್ತು ಉಜ್ಜಿ, ದೋಣಿಗೆ ಬಳಿಯುವ ಎಪಾಕ್ಸಿ ಬಣ್ಣ ಬಳಿಯಬೇಕು ಅಂತಿದೆ. ಡಬ್ಬಿ ತಂದಿಟ್ಟಾಗಿದೆ. ಅಮ್ಮ ಹತ್ತಲು ಸೀಟಿನ ಕೆಳಗೆ ಒಂದು ಮಣೆ ಕಾಯಂ ಇದೆ.